ಹೆಲ್ಮಿಯ ಸೌನಾದಲ್ಲಿ ನನ್ನ ಗರಗಸ

ಸೆಪ್ಟೆಂಬರ್ 9, 1986, ಮಂಗಳವಾರ

ಹೆಲ್ಮಿ ಇವತ್ತು ತನ್ನ ತಂಗಿಯ ಮನೆಗೆ ಹೋದಳು. ನಲವತ್ತು ವರ್ಷ ಊಟದ ಹೊತ್ತಿಗೆ ನನ್ನ ಪ್ರತಾಪಗಳನ್ನೆಲ್ಲ ಕೇಳಿ ತಲೆಯಾಡಿಸಿದ ಹೆಂಡತಿ ಹೋದ ಮೇಲೆ, ಅವನ್ನು ತಂದು ಎಲ್ಲಿ ಇಳಿಸುವುದು? ಅದಕ್ಕೇ ಬರೆಯಲು ಕೂತಿದ್ದೇನೆ. ಊರ ಶಾಲೆಯಲ್ಲಿ ಎಂಟನೇ ತರಗತಿ ಮುಗಿಸಿದವನು ನಾನು. ಅಕ್ಷರ ಡೊಂಕಾದರೂ ವಿಷಯ ನೆಟ್ಟಗಿರುತ್ತದೆ.

ವಿಷಯ ಇಷ್ಟು. ಡಾಕ್ಟರು ಹೆಲ್ಮಿಯ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, "ಮನೇಲಿ ಮರದ ಕೆಲಸ ಯಾರು ಮಾಡ್ತಾರೆ?" ಎಂದರು. ಹೊಗಳುತ್ತಾರೆಂದುಕೊಂಡು ನಾನು ಎದೆಯುಬ್ಬಿಸಿ "ನಾನೇ" ಎಂದೆ. ಅವರು ಕನ್ನಡಕ ತೆಗೆದಿಟ್ಟರು. "ಆ ಧೂಳಿರೋ ಮನೇಲಿ ಇವರು ಇರೋ ಹಾಗಿಲ್ಲ. ಬಾಗಿಲು ಕಿಟಕಿ ಮುಚ್ಕೊಂಡು ಈ ಚಳಿಗಾಲ ಪೂರ್ತಿ ಅದೇ ಗಾಳಿ ಕುಡಿದ್ರೆ, ಮುಂದಿನ ಚಳಿಗಾಲ ನೋಡ್ತಾರೆ ಅಂತ ನಾನು ಹೇಳಲಾರೆ." ಬಿಸಿ ಹಬೆಯೂ ಬೇಡವೆಂದರು.

ನನ್ನ ವರ್ಕ್‌ಶಾಪು ಇರುವುದು ಮನೆಯ ನೆಲಮಾಳಿಗೆಯಲ್ಲಿ. ಈ ಜಿಲ್ಲೆಯ ಅರ್ಧ ತೊಟ್ಟಿಲುಗಳು, ಕಾಲು ಭಾಗ ಶವಪೆಟ್ಟಿಗೆಗಳು ಅಲ್ಲೇ ಹುಟ್ಟಿದವು. (ಕಾಲು ಭಾಗ ಸ್ವಲ್ಪ ಹೆಚ್ಚಾಯಿತು. ಇರಲಿ, ಓದುವವನು ನಾನೇ ತಾನೇ.) ಅದನ್ನು ಹಿಮ ಕೂರುವ ಮೊದಲು ಮನೆಯಿಂದಾಚೆ ಹಾಕಬೇಕು, ಮನೆ ತೊಳೆಯಬೇಕು, ಹೆಲ್ಮಿಯನ್ನು ಕರೆತರಬೇಕು. ಹಿತ್ತಿಲಲ್ಲಿ ಹೊಸ ವರ್ಕ್‌ಶಾಪು ಕಟ್ಟುತ್ತೇನೆ, ಸುಪೀರಿಯರ್ ಸರೋವರದ ಈ ದಂಡೆಯಲ್ಲಿ ಯಾರೂ ಕಂಡಿರಬಾರದು ಅಂಥದ್ದು ಎಂದು ಹೆಲ್ಮಿಗೆ ಹೇಳಿದೆ.

ಕಾರಿನ ಬಾಗಿಲು ಹಾಕುತ್ತ ನಾದಿನಿ ಸೈಮಾ ಹೇಳಿದಳು: "ಭಾವ, ಮಾತಲ್ಲೇ ಕಟ್ಟೋದಾಗಿದ್ರೆ ನಿಂದು ಇವತ್ತು ಸಂಜೆಗೇ ಮುಗೀತಿತ್ತು."

ಹೆಲ್ಮಿ ನಗಲಿಲ್ಲ. ನಕ್ಕರೆ ಕೆಮ್ಮು ಬರುತ್ತದೆ.

ಸೆಪ್ಟೆಂಬರ್ 13, ಶನಿವಾರ

ಗೂಟ ಹೊಡೆದು, ದಾರ ಕಟ್ಟಿ, ಅಗೆಯಲು ಶುರುಮಾಡಿದೆ. ತಳಪಾಯ ಆಳಕ್ಕೆ ಇಳಿಯದಿದ್ದರೆ ನಮ್ಮ ಕಡೆಯ ಚಳಿಗೆ ನೆಲ ಉಬ್ಬಿ ಗೋಡೆಯನ್ನೇ ಎತ್ತಿ ಒಗೆಯುತ್ತದೆ. ಎರಡು ಗೇಣು ಅಗೆಯುವುದರೊಳಗೆ ಬಂಡೆ. ಪಕ್ಕಕ್ಕೆ ಸರಿದು ಅಗೆದೆ, ಬಂಡೆ. ತಾಮ್ರದ ಗಣಿ ಮುಚ್ಚುವ ದಿನದವರೆಗೂ ನೆಲದಡಿಯಲ್ಲಿ ಮರದ ಆಸರೆ ಕಟ್ಟಿದವನು ನಾನು. ನನ್ನ ಕಂಬಗಳನ್ನು ನಂಬಿ ನೂರಾರು ಗಂಡಸರು ತಲೆಯ ಮೇಲೆ ಬೆಟ್ಟ ಹೊತ್ತು ಊಟ ಮಾಡಿದ್ದಾರೆ. ಅಂಥವನಿಗೆ ಹಿತ್ತಿಲ ಬಂಡೆ ಅಣಕಿಸುತ್ತಿದೆ.

ಸಂಜೆ ಉರ್ಹೊ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ. ಪಕ್ಕದ ಹೊಲದವನು, ಮದುವೆಯಿಲ್ಲ, ಹಸುಗಳನ್ನು ಮಾರಿದ ಮೇಲೆ ಮಾತೂ ಇಲ್ಲ. ಅವನ ಹಬೆಮನೆ, ಅಂದರೆ ಸೌನಾ, ಸುಟ್ಟುಹೋದಾಗಿನಿಂದ ಶನಿವಾರ ಶನಿವಾರ ನಮ್ಮಲ್ಲಿಗೇ ಬರುತ್ತಾನೆ. ಅವನಂಥ, ಹೆಲ್ಮಿಯಂಥ ಫಿನ್ನಿಶ್ ಜನಕ್ಕೆ ಶನಿವಾರದ ಹಬೆಸ್ನಾನ ತಪ್ಪಿದರೆ ಭಾನುವಾರ ಬಂದಂತೆಯೇ ಅನಿಸುವುದಿಲ್ಲ.

ನನ್ನ ಗುಂಡಿಗಳನ್ನು ನೋಡಿ ಕೇಳಿದ: "ಏನ್ ಕ್ಲೆಮ್, ಇನ್ನೂ ತಾಮ್ರ ಹುಡುಕ್ತಿದ್ದೀಯಾ?"

"ಸಿಕ್ಕಿದ್ರೆ ನಿಂಗೆ ಪಾಲು ಕೊಡಲ್ಲ."

"ಕೊಡಬೇಡ. ಒಲೆ ಹಚ್ಚಿದ್ದೀಯಾ ಹೇಳು."

ಹಚ್ಚಿದ್ದೆ. ಇಬ್ಬರೂ ಒಳಗೆ ಮೇಲಿನ ಹಲಗೆಜಗಲಿಯಲ್ಲಿ ಕೂತೆವು. ಅವನು ಕಾದ ಒಲೆಗಲ್ಲುಗಳ ಮೇಲೆ ಸೌಟು ಸೌಟು ನೀರು ಹುಯ್ದ. ಹಬೆ ಎದ್ದಿತು. ಕೆಳಗಿನ ಜಗಲಿಯಲ್ಲಿ ಹೆಲ್ಮಿ ಕೂರುವ ಮೂಲೆ ಖಾಲಿಯಿತ್ತು.

ಸೆಪ್ಟೆಂಬರ್ 17, ಬುಧವಾರ

ಸೊಂಟ ಹಿಡಿಯಿತು. ಹಾರೆ ಹಿಡಿದ ಹಾಗೇ ನಿಂತುಬಿಟ್ಟೆ, ಬೇಲಿಗೂಟದ ಹಾಗೆ. ಅಡಿಗೆಮನೆಯ ನೆಲದ ಮೇಲೆ ಅಂಗಾತ ಮಲಗಿ ಎರಡು ದಿನ ಚಾವಣಿ ನೋಡಿದೆ. ಚಾವಣಿಯಲ್ಲಿ ನೋಡುವಂಥದ್ದು ಏನೂ ಇಲ್ಲ.

ಸೆಪ್ಟೆಂಬರ್ 18, ಗುರುವಾರ

ಚಾವಣಿ ನೋಡಿದ್ದು ದಂಡವಾಗಲಿಲ್ಲ! ನನ್ನ ತಲೆ ನೆಟ್ಟಗೆ ನಿಂತಾಗ ಕೆಲಸ ಮಾಡುತ್ತದೆ, ಮಲಗಿದಾಗ ಇನ್ನೂ ಚೆನ್ನಾಗಿ ಮಾಡುತ್ತದೆ.

ಹೊಸದಾಗಿ ಯಾಕೆ ಕಟ್ಟಬೇಕು? ಮನೆಯಿಂದಾಚೆ ಒಂದು ಕಟ್ಟಡ ಆಗಲೇ ನಿಂತಿದೆ. ದಪ್ಪ ದಿಮ್ಮಿಗಳ ಗೋಡೆ, ಒಳಗೆ ಒಲೆ, ಮೇಲೆ ಹೊಗೆಕೊಳವೆ, ಉತ್ತರಕ್ಕೆ ಕಿಟಕಿ, ನೆಲದಲ್ಲಿ ನೀರು ಹೋಗುವ ದಾರಿ. ಮುಂದೊಂದು ಬಟ್ಟೆ ಬಿಚ್ಚಿಡುವ ಕೋಣೆ, ಮರ ಒಣಗಿಸಲು ಹೇಳಿ ಮಾಡಿಸಿದ್ದು. ಸೌನಾ! ಡಾಕ್ಟರು ಹೆಲ್ಮಿಗೆ ಹಬೆ ಬೇಡ ಎಂದಾಗಿದೆ. ಅವಳಿಗೆ ಬೇಡವಾದದ್ದು ನನಗೊಬ್ಬನಿಗೆ ಯಾಕೆ? ನಾವು ಪೆನ್‌ಹೇಲ್‌ಗಳು, ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗೆಂದು ಬಂದವರು. ತೊಟ್ಟಿಯಲ್ಲಿ ಕೂತು ಸ್ನಾನ ಮಾಡಿಯೇ ನಮ್ಮಪ್ಪ ತೊಂಬತ್ತು ದಾಟಿದ.

ಈ ಹೊಲಕ್ಕೆ ಬಂದಾಗ ಹೆಲ್ಮಿಯ ಅಪ್ಪ ಮೊದಲು ಕಟ್ಟಿದ್ದು ಸೌನಾ, ಆಮೇಲೆ ಮನೆ. ಮನೆ ಏಳುವವರೆಗೆ ಅದರಲ್ಲೇ ಸಂಸಾರ. ಹೆಲ್ಮಿ ಹುಟ್ಟಿದ್ದೂ ಅಲ್ಲೇ. ನಾನು ಅವಳನ್ನು ಛೇಡಿಸುತ್ತಿರುತ್ತೇನೆ, "ನೀನು ಸ್ನಾನ ಮಾಡಿಕೊಂಡೇ ಹುಟ್ಟಿದವಳು" ಎಂದು. ಹುಟ್ಟಿದ ಜಾಗವನ್ನು ಯಾರು ಕಟ್ಟಿಕೊಂಡು ಕೂರುತ್ತಾರೆ? ನಾನು ಹುಟ್ಟಿದ್ದು ಗಣಿ ಕಂಪನಿಯ ಬಾಡಿಗೆ ಮನೆಯ ಮಹಡಿಯಲ್ಲಿ. ಅದನ್ನು ಕೆಡವಿ ರಸ್ತೆ ಮಾಡಿದರು. ನಾನೇನು ರಸ್ತೆಯಲ್ಲಿ ಕೂತು ಅತ್ತೆನೇ?

ಅವಳಿಗೆ ಹೇಳುವುದಿಲ್ಲ. ಬಂದಾಗ ನೋಡಿ ಬೆಕ್ಕಸ ಬೆರಗಾಗಲಿ.

ಸೆಪ್ಟೆಂಬರ್ 20, ಶನಿವಾರ

ಉರ್ಹೊ ಟವೆಲ್ ಹಾಕಿಕೊಂಡು ಬರುವ ಹೊತ್ತಿಗೆ ನಾನು ಒಲೆಗಲ್ಲುಗಳನ್ನು ಕೈಗಾಡಿಗೆ ತುಂಬುತ್ತಿದ್ದೆ. ಬಾಗಿಲಲ್ಲಿ ನಿಂತ. ನನ್ನ ಯೋಜನೆಯನ್ನೆಲ್ಲ ಹೇಳಿದೆ. ಗರಗಸ ಇಲ್ಲಿ, ಕೆಲಸದ ಮೇಜು ಕಿಟಕಿಯಡಿ, ಉಳಿಗಳು ಆ ಗೋಡೆಗೆ. ಕೈ ಬೀಸಿ ಬೀಸಿ ತೋರಿಸಿದೆ.

ಅವನು ಕೈಗಾಡಿಯ ಕಲ್ಲುಗಳನ್ನು ನೋಡಿದ.

"ಹೆಲ್ಮೀನ ಕೇಳಿದ್ಯಾ?"

"ಕೇಳಿದ್ರೆ ಆಶ್ಚರ್ಯ ಎಲ್ಲಿ ಉಳೀತದೆ?"

"ಆಶ್ಚರ್ಯಕ್ಕೇನೂ ಕಮ್ಮಿ ಆಗಲ್ಲ ಬಿಡು" ಎಂದ. ಟವೆಲನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊಲದ ಮೇಲಿಂದಲೇ ಹೊರಟುಹೋದ. ಹಿಂದೆ ತಿರುಗಿಯೂ ನೋಡಲಿಲ್ಲ.

ಹೊಟ್ಟೆಕಿಚ್ಚು. ಅವನಿಗೆ ಇಷ್ಟು ಬುದ್ಧಿ ಹೊಳೆದಿರಲಿಲ್ಲವಲ್ಲ.

ಸೆಪ್ಟೆಂಬರ್ 24, ಬುಧವಾರ

ಕಲ್ಲುಗಳು ಮುಗಿದವು. ಎಷ್ಟಿದ್ದವೋ, ಒಲೆ ಹೊಟ್ಟೆಬಾಕನ ಹಾಗೆ ನುಂಗಿಕೊಂಡಿತ್ತು. ಎಲ್ಲವನ್ನೂ ಹಿಂದಿನ ಹುಲ್ಲಿಗೆ ಸುರಿದೆ. ಒಲೆ ಇರಲಿ, ಚಳಿಗೆ ಬೇಕು.

ಜಗಲಿಗಳನ್ನು ಬಿಚ್ಚಿದೆ. ಮಾವ ಮೊಳೆಯ ತಲೆಗಳನ್ನೆಲ್ಲ ಅಡಿಯಿಂದ ಹೊಡೆದಿದ್ದ, ಕೂತವರ ತೊಡೆ ಸುಡದಿರಲೆಂದು. ಒಳ್ಳೆಯ ಕೆಲಸಗಾರ, ನನ್ನಷ್ಟಲ್ಲದಿದ್ದರೂ. ಹಲಗೆಗಳು ಇಷ್ಟು ವರ್ಷದ ಮೈಗಳಿಗೆ ಉಜ್ಜಿ ಉಜ್ಜಿ ರೇಷ್ಮೆಯಂತಾಗಿವೆ. ಕೀಸುಳಿ ಹಿಡಿಯುವ ಅಗತ್ಯವೇ ಇಲ್ಲ. ಅವನ್ನು ತುಂಡು ಮಾಡಿ ಉಳಿ ನಿಲ್ಲಿಸುವ ಅಡ್ಡಹಲಗೆ ಮಾಡಿದೆ, ಮೊಳೆ ಡಬ್ಬಗಳಿಗೆ ಗೂಡು ಮಾಡಿದೆ.

ದಣಿವು. ಊಟಕ್ಕೆ ತಣ್ಣನೆಯ ಹುರುಳಿಕಾಯಿ, ಡಬ್ಬಿಯಿಂದಲೇ.

ಸೆಪ್ಟೆಂಬರ್ 28, ಭಾನುವಾರ

ಸೈಮಾಳ ಮಗಳು ಲಿನ್ನಿಯಾ ತನ್ನ ಪಿಕಪ್ ತಂದಿದ್ದಳು. ಊರಿನ ರಸ್ತೆಗಳ ಹಿಮ ಬಾಚುವ ಲಾರಿ ಓಡಿಸುತ್ತಾಳೆ, ತೋಳುಗಳು ನನ್ನವಕ್ಕಿಂತ ದಪ್ಪ. ಮೇಜಿನ ಗರಗಸವನ್ನು ನೆಲಮಾಳಿಗೆಯಿಂದ ಹತ್ತಿಸಬೇಕಿತ್ತು. ಬೀಡುಕಬ್ಬಿಣದ ಮೇಲ್ಮೈ, ಹೆಣದಷ್ಟು ಭಾರ. ಮೆಟ್ಟಿಲ ನಡುವೆ ನನ್ನ ಸೊಂಟ ಮುಷ್ಕರ ಹೂಡಿತು.

"ದೊಡ್ಡಪ್ಪ, ನೀನು ಬಿಡು. ಮೇಲೆ ನಿಂತು ಬೈತಾ ಇರು, ಅದು ನಿಂಗೆ ಚೆನ್ನಾಗಿ ಬರ್ತದೆ."

"ನಿನ್ನ ವಯಸ್ಸಲ್ಲಿ ಇಂಥ ಎರಡು ಗರಗಸ ಕಂಕುಳಲ್ಲಿ ಇಟ್ಕೊಂಡು ಓಡ್ತಿದ್ದೆ."

"ಹೌದೌದು, ಬಾಯಲ್ಲಿ ಇನ್ನೊಂದು."

ಹಿತ್ತಿಲ ಹೊಸ ಕಟ್ಟಡಕ್ಕೆ ಎಂದುಕೊಂಡಿದ್ದಳೇನೋ, ಸೌನಾದ ಕಡೆ ತಿರುಗಿಸು ಎಂದಾಗ ಬ್ರೇಕ್ ಒತ್ತಿದಳು. ಒಳಗೆ ಹೋಗಿ ನೋಡಿ ಬಂದಳು. ಮುಖದಲ್ಲಿ ನಗೆಯಿರಲಿಲ್ಲ.

"ದೊಡ್ಡಮ್ಮಂಗೆ ಗೊತ್ತಾ?"

"ನೀನು ಹೇಳಬೇಡ."

"ನಾನಾಗಿ ಹೇಳಲ್ಲ. ಕೇಳಿದ್ರೆ ಸುಳ್ಳೂ ಹೇಳಲ್ಲ."

ಗರಗಸ ಬಾಗಿಲಲ್ಲಿ ಹಿಡಿಸಲಿಲ್ಲ. ಈ ಜನ ಬಿಸಿ ಆಚೆ ಹೋಗದಿರಲೆಂದು ಸೌನಾಕ್ಕೆ ಕುಳ್ಳ ಬಾಗಿಲು ಇಡುತ್ತಾರೆ. ಎಂಥ ಜಂಬದವನೂ ತಲೆ ಬಗ್ಗಿಸಿಯೇ ಹೋಗಬೇಕು. ಬಾಗಿಲ ಮೇಲಿನ ದಿಮ್ಮಿಯನ್ನು ಕೊಯ್ದುಬಿಟ್ಟೆ. ಈಗ ನೆಟ್ಟಗೆ ನಡೆದು ಹೋಗಬಹುದು. ಕೊಯ್ಯುವಾಗ ಲಿನ್ನಿಯಾ ಪಿಕಪ್‌ನಲ್ಲೇ ಕೂತಿದ್ದಳು, ರೇಡಿಯೊ ಜೋರಾಗಿಟ್ಟುಕೊಂಡು.

ಅಕ್ಟೋಬರ್ 4, ಶನಿವಾರ

ತಂತಿ ಎಳೆದು ದೀಪ ಹಾಕಿದೆ. ಕೆಲಸದ ಮೇಜು ಕಿಟಕಿಯಡಿ ಕೂತಿತು, ಅದರ ಅಂಚಿಗೆ ಹಲಗೆ ಕಚ್ಚಿ ಹಿಡಿಯುವ ವೈಸ್ ಬಿಗಿದೆ. ಉಳಿಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ, ಶಾಲೆಯ ಫೋಟೋದ ಮಕ್ಕಳಂತೆ. ಮೊದಲ ಹಲಗೆ ಕೊಯ್ದೆ. ಬೆಣ್ಣೆ.

ಜಿಲ್ಲೆಯಲ್ಲೇ ಇಲ್ಲ ಇಂಥ ವರ್ಕ್‌ಶಾಪು. ಉರ್ಹೊನ ಮನೆಯ ಕಡೆ ನೋಡಿದೆ. ಹೊಗೆ ಕಾಣಿಸುತ್ತಿತ್ತು, ಅವನು ಕಾಣಿಸಲಿಲ್ಲ.

ಅಕ್ಟೋಬರ್ 9, ಗುರುವಾರ

ಮನೆ ತೊಳೆಯುತ್ತಿದ್ದೇನೆ. ಒಂದು ದಿನದ ಕೆಲಸ ಎಂದುಕೊಂಡಿದ್ದೆ.

ನೆಲಮಾಳಿಗೆಯ ತೊಲೆಗಳ ಮೇಲೆ ಧೂಳು ಬೆರಳುದ್ದ ಕೂತಿದೆ. ಅದು ಸರಿ. ಅಡಿಗೆಮನೆಯಲ್ಲೂ ಇದೆ. ಸಕ್ಕರೆ ಡಬ್ಬದ ಮುಚ್ಚಳದ ಸಂದಿಯಲ್ಲಿ ಮೇಪಲ್ ಮರದ ಧೂಳು, ಹಿಟ್ಟಿನಷ್ಟು ನುಣುಪು. ಗಡಿಯಾರದ ಒಳಗೆ. ಪರದೆಯ ಮಡಿಕೆಗಳಲ್ಲಿ. ಹೆಲ್ಮಿ ವಾರ ವಾರ ಒರೆಸುತ್ತಿದ್ದಳು, ನಾನು ಕಂಡಿದ್ದೇನೆ. ಒರೆಸಿದವಳ ಹಿಂದೆಯೇ ಅದು ಮತ್ತೆ ಇಳಿದು ಕೂರುತ್ತಿತ್ತೆಂದು ಕಾಣುತ್ತದೆ.

ಒದ್ದೆ ಬಟ್ಟೆ, ಬಕೆಟ್ಟು, ಏಣಿ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೂ ಸಂಜೆ ಉಗುಳಿದರೆ ಕಂದು.

ಅಕ್ಟೋಬರ್ 12, ಭಾನುವಾರ

ಅವಳ ದಿಂಬನ್ನು ಹೊರಗೆ ತಂದು ಬಡಿದೆ. ಬಿಸಿಲಲ್ಲಿ ಬಂಗಾರದ ಹೊಗೆಯ ಹಾಗೆ ಎದ್ದಿತು. ಮತ್ತೆ ಬಡಿದೆ, ಮತ್ತೆ ಎದ್ದಿತು. ಕೊನೆಗೆ ದಿಂಬನ್ನೇ ಸುಟ್ಟು ಪಟ್ಟಣದಿಂದ ಹೊಸದು ತಂದೆ.

ಅಕ್ಟೋಬರ್ 18, ಶನಿವಾರ

ಹೆಲ್ಮಿ ಬಂದಳು. ಲಿನ್ನಿಯಾ ಕರೆತಂದಳು.

ಮೊದಲು ಮನೆ ತೋರಿಸಿದೆ. ಅಡಿಗೆಮನೆಯ ನಡುವೆ ನಿಂತು ನಿಧಾನಕ್ಕೆ ಉಸಿರೆಳೆದುಕೊಂಡಳು. ಕೆಮ್ಮು ಬರಲಿಲ್ಲ. ಇನ್ನೊಮ್ಮೆ ಎಳೆದುಕೊಂಡಳು. "ಚೊಕ್ಕಟ ಮಾಡಿದ್ದೀಯ, ಕ್ಲೆಮ್" ಎಂದಳು. ನಿನ್ನ ಸಾಮಾನು ಯಾವಾಗ ವಾಪಸ್ ತರುತ್ತೀ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನನ್ನ ಬಾಯಿಗೆ ತಡೆಯಲಾಗಲಿಲ್ಲ. "ಇದೇನು ಮಹಾ, ಬಾ, ವರ್ಕ್‌ಶಾಪು ನೋಡು" ಎಂದೆ.

ಹಿತ್ತಿಲಿಗೆ ಕರೆದೊಯ್ದೆ. ಸೌನಾ ಕಂಡಾಗಲೂ ಅವಳು ಅದರ ಪಕ್ಕದಲ್ಲಿ ಹೊಸ ಕಟ್ಟಡ ಹುಡುಕುತ್ತಿದ್ದಳು. ನಾನು ಬಾಗಿಲು ತೆರೆದು ದೀಪ ಹಾಕಿದೆ.

ಹೆಲ್ಮಿ ಬಾಗಿಲಲ್ಲಿ ತಲೆ ಬಗ್ಗಿಸಿದಳು, ರೂಢಿಯಿಂದ. ಬಗ್ಗಿಸುವ ಅಗತ್ಯ ಇರಲಿಲ್ಲ. ಅದು ತಿಳಿದು ತಲೆಯೆತ್ತಿ, ಕೊಯ್ದ ದಿಮ್ಮಿಯನ್ನು ನೋಡಿದಳು. ಆಮೇಲೆ ಒಲೆ ನೋಡಿದಳು.

"ಕಲ್ಲು ಎಲ್ಲಿ?"

"ಹಿಂದೆ, ಹುಲ್ಲಲ್ಲಿದಾವೆ. ಇಲ್ನೋಡು, ಈ ಗರಗಸ..."

ಅವಳು ಗರಗಸ ನೋಡಲಿಲ್ಲ. ಕೆಮ್ಮು ಶುರುವಾಯಿತು. ಕೈಯನ್ನು ಗೋಡೆಗೆ ಕೊಟ್ಟು ನಿಂತಳು, ಉಳಿಗಳ ಅಡ್ಡಹಲಗೆಯ ಮೇಲೆ ಬೆರಳು ಹೋಯಿತು, ಅದು ಯಾವ ಹಲಗೆ ಎಂದು ಬೆರಳಿಗೆ ಗೊತ್ತಾಯಿತೇನೋ. ಹಿಂದಕ್ಕೆ ತೆಗೆದುಕೊಂಡಳು. ಹೋಗಿ ಕಾರಿನಲ್ಲಿ ಕೂತಳು.

ಬಯ್ಯಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು.

ನನ್ನ ಕೈಯಾರೆ ಮಾಡಿದ ಪ್ಯಾಸ್ಟಿಗಳು, ಮಾಂಸ ಆಲೂಗೆಡ್ಡೆ ತುಂಬಿ ಹದವಾಗಿ ಬೇಯಿಸಿದವು, ಒಲೆಯ ಮೇಲೆ ಹಾಗೇ ಇವೆ.

ಅಕ್ಟೋಬರ್ 20, ಸೋಮವಾರ

ಸೈಮಾ ಫೋನ್ ಮಾಡಿದಳು. "ಅಕ್ಕ ಈ ಚಳಿಗಾಲ ಇಲ್ಲೇ ಇರ್ತಾಳೆ."

"ಡಾಕ್ಟರು ಧೂಳು ತೆಗಿ ಅಂದ್ರು, ತೆಗೆದಿದ್ದೀನಿ. ಇನ್ನೇನು ಮಾಡಬೇಕು ನಾನು?"

"ಭಾವ, ನಿಂಗೆ ನಿಜವಾಗ್ಲೂ ತಿಳೀಲಿಲ್ವಾ, ಇಲ್ಲಾ ನಾಟಕ ಆಡ್ತಿದ್ದೀಯಾ?"

"ಏನು ತಿಳೀಬೇಕು? ಅಲ್ಲಿ ಹುಟ್ಟಿದ್ಲು. ಗೊತ್ತು. ಹುಟ್ಟಾಯ್ತಲ್ಲ!"

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಹುಟ್ಟೋದೊಂದೇ ಅಲ್ಲ ಅಲ್ಲಿ ಆಗೋದು. ಅಮ್ಮ ತೀರ್ಕೊಂಡಾಗ ನೀನು ಗಣೀಲಿದ್ದೆ, ರಾತ್ರಿ ಪಾಳಿ. ನಾವಿಬ್ರೂ ಅಮ್ಮನ್ನ ಸೌನಾಕ್ಕೆ ಎತ್ಕೊಂಡು ಹೋಗಿ, ಕೆಳಗಿನ ಜಗಲಿ ಮೇಲೆ ಮಲಗಿಸಿ, ತೊಳೆದು, ತಲೆ ಬಾಚಿ ಕಳಿಸಿದ್ವಿ. ಅಪ್ಪನ್ನೂ ಹಾಗೇ. ಎಕ್ಸ್-ರೇ ನೋಡಿದ ದಿನದಿಂದ ಅಕ್ಕ ತನಗೂ ಅಲ್ಲೇ ಅಂತ ಅಂದ್ಕೊಂಡಿದ್ಲು. ಈಗ ಎಲ್ಲಿ ತೊಳೀತೀಯಾ ಅವಳನ್ನ, ಗರಗಸದ ಮೇಲಾ?"

ಫೋನ್ ಇಟ್ಟಳು.

ಅಕ್ಟೋಬರ್ 21, ಮಂಗಳವಾರ

ಎಲ್ಲರಿಗೂ ಹೇಳಲು ಬಾಯಿತ್ತು, ಮೊದಲೇ ಹೇಳಬಾರದಿತ್ತೇ? ಉರ್ಹೊ ಹೇಳಬಾರದಿತ್ತೇ? ಲಿನ್ನಿಯಾ? ಮಾತಾಡದ ಜನರ ನಡುವೆ ನಲವತ್ತು ವರ್ಷ ಬದುಕಿದರೆ ಹೀಗೇ. ಅವಳಿಗೋಸ್ಕರ ಸೊಂಟ ಮುರಿದುಕೊಂಡೆ. ಇದನ್ನು ಯಾರಿಗೆ ಹೇಳಲಿ.

ಅಕ್ಟೋಬರ್ 24, ಶುಕ್ರವಾರ

ವರ್ಕ್‌ಶಾಪಿಗೆ ಹೋದೆ. ದೀಪ ಹಾಕಿದೆ. ಕೆಲಸ ಮಾಡಲಿಲ್ಲ. ದೀಪ ಆರಿಸಿ ಬಂದೆ.

ಅಕ್ಟೋಬರ್ 27, ಸೋಮವಾರ

ಮೊದಲ ಹಿಮ ಬಿದ್ದು ಕರಗಿತು. ಪ್ಯಾಸ್ಟಿ ಮಾಡಿ ಬಟ್ಟೆಯಲ್ಲಿ ಸುತ್ತಿಕೊಂಡು ಉರ್ಹೊನ ಮನೆಗೆ ಹೋದೆ. ಕಾಫಿ ಸುರಿದು ಕೊಟ್ಟ. ಇಬ್ಬರೂ ಕುಡಿದೆವು. ಎರಡನೇ ಲೋಟವೂ ಮುಗಿಯಿತು. ಅವನೇನೂ ಕೇಳುವವನಲ್ಲ.

"ಸೌನಾನ ಮೊದಲಿದ್ದ ಹಾಗೆ ಮಾಡಬೇಕು" ಎಂದೆ.

"ಹ್ಞೂಂ."

"ಒಲೆಗಲ್ಲು ಪೇರಿಸೋಕೆ ನಂಗೆ ಬರಲ್ಲ."

ಲೋಟ ಕೆಳಗಿಟ್ಟು ನನ್ನನ್ನು ನೋಡಿದ. "ಏನಂದೆ?"

"ಕಿವುಡಾ? ಬರಲ್ಲ ಅಂದೆ."

"ಕೇಳಿಸ್ತು. ಇನ್ನೊಂದು ಸಲ ಕೇಳೋಣ ಅನಿಸ್ತು ಅಷ್ಟೇ." ಪ್ಯಾಸ್ಟಿ ಮುರಿದು ಬಾಯಿಗಿಟ್ಟ. ಸಾಸ್ ಬೇಕಿತ್ತು ಎಂದ. ಪ್ಯಾಸ್ಟಿಗೆ ಸಾಸ್ ಹಾಕುವವರನ್ನು ನನ್ನ ಅಜ್ಜ ಮನೆಯೊಳಗೆ ಬಿಡುತ್ತಿರಲಿಲ್ಲ. ನಾನು ಇನ್ನೊಂದು ಪ್ಯಾಸ್ಟಿ ಅವನ ಕಡೆ ಸರಿಸಿದೆ.

ನಾನು ಎದ್ದು ಹೊರಡುವಾಗ ಕೇಳಿದ: "ನಿನ್ನ ಸಾಮಾನು ಎಲ್ಲಿ ಹಾಕ್ತೀಯಾ?"

"ಹಿತ್ತಿಲಲ್ಲಿ, ಟಾರ್ಪಾಲಿನ ಅಡಿ. ಇಲ್ಲಾ ಕೊಟ್ಟುಬಿಡ್ತೀನಿ."

"ನನ್ನ ಹಾಲಿನ ಕೋಣೆ ಖಾಲಿ ಬಿದ್ದಿದೆ. ಹಸುಗಳೇನೂ ವಾಪಸ್ ಬರಲ್ಲ."

ನವೆಂಬರ್ 2, ಭಾನುವಾರ

ಗರಗಸ ಮತ್ತೆ ಹೊರಬಂದಿತು. ಲಿನ್ನಿಯಾ, ಉರ್ಹೊ, ನಾನು. ನಾನು ಬಾಗಿಲು ಹಿಡಿದುಕೊಂಡೆ.

ಹಾಲಿನ ಕೋಣೆ ಚಿಕ್ಕದು, ಹಿಂದೆ ಹಾಲಿನ ಕ್ಯಾನುಗಳನ್ನು ತಣ್ಣಗಿಡುತ್ತಿದ್ದ ಜಾಗ. ಒಬ್ಬ ತಿರುಗಿದರೆ ಇನ್ನೊಬ್ಬ ಹೊರಗೆ ಹೋಗಬೇಕು. ಉದ್ದದ ಹಲಗೆ ಕೊಯ್ಯಬೇಕೆಂದರೆ ಕಿಟಕಿ ತೆರೆದು ಅದರ ಇನ್ನೊಂದು ತುದಿಯನ್ನು ಆಚೆ ಬಿಡಬೇಕು. ಇವತ್ತು ಒಂದು ಹಲಗೆ ಹಾಗೆ ಕೊಯ್ದೆ. ಆಚೆ ಹಿಮದಲ್ಲಿ ಉರ್ಹೊ ತುದಿ ಹಿಡಿದು ನಿಂತಿದ್ದ.

"ಎಷ್ಟು ಹೊತ್ತು ಇನ್ನ?"

"ಬಂತು ಬಂತು."

"ನನ್ನ ಮೂಗು ಬಿದ್ದುಹೋಯ್ತು."

"ನಿಂದು ಹೇಗೂ ಉದ್ದವೇ ಇತ್ತು."

ಉಳಿಗಳನ್ನು ಡಬ್ಬದಲ್ಲಿ ಇಟ್ಟಿದ್ದೇನೆ. ಸಾಲಾಗಿ ನಿಲ್ಲಿಸಲು ಗೋಡೆ ಇಲ್ಲ.

ನವೆಂಬರ್ 8, ಶನಿವಾರ

ಸೌನಾದ ಗೋಡೆಗಳನ್ನು ತೊಳೆಯುವುದು ಮನೆ ತೊಳೆದದ್ದಕ್ಕಿಂತ ಕಷ್ಟ. ದಿಮ್ಮಿಗಳ ನಡುವೆ ಗಾಳಿ ನುಗ್ಗದಂತೆ ಪಾಚಿ ತುರುಕಿದ್ದಾರೆ, ಅದರೊಳಗೆ ನನ್ನ ಧೂಳು ಹೊಕ್ಕಿದೆ. ಪಾಚಿಯನ್ನೆಲ್ಲ ಕಿತ್ತು ತೆಗೆದೆ. ಕಾಡಿಗೆ ಹೋಗಿ ಹಿಮ ಕೆದಕಿ ಹೊಸ ಪಾಚಿ ತಂದು, ಒಲೆಯ ಪಕ್ಕ ಒಣಗಿಸಿ, ಮರದ ಚೂಪು ತುಂಡಿನಿಂದ ತುರುಕುತ್ತಿದ್ದೇನೆ. ದಿನಕ್ಕೆ ಒಂದು ಗೋಡೆ ಆದರೆ ಹೆಚ್ಚು.

ಬೆರಳುಗಳು ಬಾತಿವೆ. ಇದನ್ನು ಬರೆಯುವಾಗ ಪೆನ್ಸಿಲ್ಲು ಜಾರುತ್ತಿದೆ.

ನವೆಂಬರ್ 15, ಶನಿವಾರ

ಜಿಂಕೆ ಬೇಟೆಯ ಮೊದಲ ದಿನ. ಊರಿನಲ್ಲಿ ಗಂಡಸೆನ್ನುವ ಪ್ರಾಣಿ ಇಲ್ಲ, ಎಲ್ಲ ಕಾಡಿನಲ್ಲಿ. ದೂರದಲ್ಲಿ ಈಡಿನ ಸದ್ದು. ಐವತ್ತು ವರ್ಷದಲ್ಲಿ ಈ ದಿನ ನಾನು ಮನೆಯಲ್ಲಿ ಉಳಿದದ್ದು ಇದೇ ಮೊದಲು. ಹೊತ್ತು ಮುಳುಗಿದ ಮೇಲೆ ಅದು ನೆನಪಾಯಿತು.

ಉರ್ಹೊನೂ ಹೋಗಲಿಲ್ಲ. ಹುಲ್ಲಿನಲ್ಲಿ ಹೆಪ್ಪುಗಟ್ಟಿದ್ದ ಕಲ್ಲುಗಳನ್ನು ಗುದ್ದಲಿಯಿಂದ ಎಬ್ಬಿಸಿದೆವು. ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ಕೇಳಿದ. ಖಣಿಲ್ ಎಂದದ್ದು ಒಳಗೆ, ಬಿರುಕು ಬಿಟ್ಟು ದಬ್ ಎಂದದ್ದು ಹೊರಗೆ. ದೊಡ್ಡವು ಕೆಳಗೆ, ನಡುವೆ ಗಾಳಿಯಾಡಲು ಸಂದಿ, ಚಪ್ಪಟೆಯವು ಮೇಲೆ. ನಾನು ಎತ್ತಿಕೊಡುತ್ತಿದ್ದೆ.

ಹಳೆಯ ಹಲಗೆಗಳು ತುಂಡಾಗಿ ಹೋದವು. ಅವಕ್ಕೆ ದಾರಿಯಿಲ್ಲ. ಹೊಸ ಆಸ್ಪೆನ್ ಮರದ ಹಲಗೆಗಳನ್ನು ಕೀಸಿದೆ, ಮೊಳೆಗಳನ್ನು ಅಡಿಯಿಂದ ಹೊಡೆದೆ. ಕೆಳಗಿನ ಜಗಲಿಯನ್ನು ಮೊದಲಿಗಿಂತ ಅಗಲ ಮಾಡಿದೆ, ಒರಗಲು ಹಿಂದೊಂದು ಹಲಗೆ ಕೊಟ್ಟೆ. ಕೆಳಗೆ ಬಿಸಿ ಕಡಿಮೆ. ಅವಳ ಎದೆಗೆ ಅಷ್ಟು ಸಾಕು.

ಅಗಲ ಯಾಕೆ ಎಂದು ಉರ್ಹೊ ಕೇಳಲಿಲ್ಲ.

ನವೆಂಬರ್ 22, ಶನಿವಾರ

ಬಾಗಿಲ ಮೇಲಿನ ದಿಮ್ಮಿಗೆ ಹೊಸ ತುಂಡು ಸೇರಿಸಿ, ಮರದ ಗೂಟ ಹೊಡೆದು ಕೂರಿಸಿದೆ. ಸೇರಿಸಿದ ಗೆರೆ ಕಾಣುತ್ತದೆ. ಹೊಸ ಮರ ಬಿಳಿ, ಹಳೆಯದು ಕಪ್ಪು. ಬಣ್ಣ ಬಳಿದು ಮುಚ್ಚಬಹುದಿತ್ತು. ಬಳಿಯಲಿಲ್ಲ.

ಹೊರಬರುವಾಗ ಅದಕ್ಕೇ ತಲೆ ಬಡಿಯಿತು.

ನವೆಂಬರ್ 30, ಭಾನುವಾರ

ಹೆಲ್ಮಿಗೆ ಫೋನ್ ಮಾಡಿದೆ. ತಾನೇ ಎತ್ತಿದಳು.

"ಊಟ ಮಾಡ್ತಿದ್ದೀಯಾ?" ಎಂದಳು.

"ಮಾಡ್ತಿದ್ದೀನಿ."

"ಡಬ್ಬಿದು?"

"ಒಂದೊಂದು ಸಲ."

"ಏನು ಮಾಡ್ತಿದ್ದೀಯಾ ಇಡೀ ದಿನ?"

"ಏನೂ ಇಲ್ಲ. ಸಣ್ಣಪುಟ್ಟ ಕೆಲಸ."

"ಹುಷಾರಿದ್ದೀಯಾ ಕ್ಲೆಮ್? ಜ್ವರ ಗಿರ ಇಲ್ಲ ತಾನೇ?"

ಇಲ್ಲ ಎಂದೆ. ಉಸಿರು ಹೇಗಿದೆ ಎಂದು ಕೇಳಿದೆ. ಮೆಟ್ಟಿಲು ಹತ್ತುವಾಗ ಒಂದು ಸಲ ನಿಲ್ಲಬೇಕು, ಅಷ್ಟೇ ಎಂದಳು. ಬರುತ್ತೀಯಾ ಎಂದು ಕೇಳಲಿಲ್ಲ. ಕೇಳುವ ಹಕ್ಕು ಇದೆಯೋ ಇಲ್ಲವೋ ತಿಳಿಯಲಿಲ್ಲ.

ಡಿಸೆಂಬರ್ 6, ಶನಿವಾರ

ಲಿನ್ನಿಯಾ ಬೆಳಿಗ್ಗೆ ಫೋನ್ ಮಾಡಿ, "ದೊಡ್ಡಮ್ಮ ಬರ್ತಿದ್ದಾಳೆ, ಚಳಿಗಾಲದ ಬಟ್ಟೆ ತಗೊಂಡು ಹೋಗೋಕೆ" ಎಂದಳು. ಬಟ್ಟೆಗಳನ್ನು ಮಡಿಸಿ ಮಂಚದ ಮೇಲಿಟ್ಟೆ. ಆಮೇಲೆ ಹೋಗಿ ಸೌನಾದ ಒಲೆಯನ್ನು ಸಣ್ಣಗೆ ಹಚ್ಚಿದೆ. ಇವತ್ತು ಫಿನ್ನಿಶ್ ಜನರ ಸ್ವಾತಂತ್ರ್ಯದ ದಿನ, ತಮ್ಮ ಕಿಟಕಿಗಳಲ್ಲಿ ಎರಡೆರಡು ಮೇಣದ ಬತ್ತಿ ಇಡುತ್ತಾರೆ. ಹೆಲ್ಮಿ ಇಡುವುದನ್ನು ನೋಡಿದ್ದೆ, ಹಾಗೇ ಇಟ್ಟೆ.

ಸಂಜೆ ಕತ್ತಲಾಗುವ ಹೊತ್ತಿಗೆ ಬಂದರು. ಹೆಲ್ಮಿ ಕಾರಿನಿಂದ ಇಳಿದು ಹಿತ್ತಿಲ ಹೊಗೆಯನ್ನು ನೋಡಿದಳು. ಬಟ್ಟೆಗೆಂದು ಮನೆಯೊಳಗೆ ಹೋಗಲಿಲ್ಲ. ನಾನು ಬಾಚಿದ್ದ ಕಾಲುದಾರಿಯಲ್ಲಿ ನಡೆದಳು. ಹಿಂದೆ ನಾನು.

ಬಾಗಿಲಲ್ಲಿ ನಿಂತು ಬಿಳಿಯ ತುಂಡನ್ನು ಕೈಯಿಂದ ಮುಟ್ಟಿದಳು. ತಲೆ ಬಗ್ಗಿಸಿ ಒಳಗೆ ಹೋದಳು. ನಾನೂ ಬಗ್ಗಿಸಿದೆ.

ಗೋಡೆಯ ಮೇಲೆ ಬೆರಳೆಳೆದು ನೋಡಿದಳು. ಏನೂ ಅಂಟಲಿಲ್ಲ. ಕಲ್ಲುಗಳನ್ನು ನೋಡಿ, "ಇದು ಉರ್ಹೊ ಪೇರಿಸಿದ್ದು" ಎಂದಳು.

"ಹೌದು. ನಾನು ಎತ್ತಿಕೊಟ್ಟೆ."

ಕೋಟು ಬಿಚ್ಚಿ ಕೆಳಗಿನ ಜಗಲಿಯಲ್ಲಿ ಒರಗಿ ಕೂತಳು. ಹಬೆಯಿಲ್ಲ, ಬರೀ ಬೆಚ್ಚಗಿನ ಗಾಳಿ. ತುಂಬ ಹೊತ್ತು ಉಸಿರಾಡಿದಳು. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು, ಆದರೂ ನಾನು ನಿಂತೇ ಇದ್ದೆ. ಕೈಯನ್ನು ಹಲಗೆಯ ಮೇಲಾಡಿಸಿದಳು.

"ಇಷ್ಟು ಅಗಲ ಮಾಡಿದ್ದೀಯಾ."

"ಹ್ಞೂಂ."

"ಮಲಗಿಸೋಕೆ ಸರಿಹೋಗ್ತದೆ."

ನಾನು ನೆಲ ನೋಡಿದೆ.

"ಸೈಮಾಗೆ ಮಂಡಿ ನೋವು, ಬಗ್ಗೋಕಾಗಲ್ಲ. ಲಿನ್ನಿಯಾಗೆ ಗೊತ್ತಿಲ್ಲ. ನೀನು ಮಾಡಬೇಕಾಗ್ತದೆ, ಕ್ಲೆಮ್. ಆಗ್ತದಾ?"

ನಲವತ್ತು ವರ್ಷದಲ್ಲಿ ಅವಳು ಕೇಳಿದ್ದಕ್ಕೆಲ್ಲ "ಅದೇನು ಮಹಾ" ಎಂದವನು ನಾನು.

"ನಂಗೆ ಬರಲ್ಲ" ಎಂದೆ. "ಹೇಗೆ ಅಂತ ಹೇಳಿಕೊಡು."

ಅವಳು ನನ್ನ ಮುಖವನ್ನು ನೋಡುತ್ತಲೇ ಇದ್ದಳು. ಆಮೇಲೆ ತಲೆಯ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಹಲಗೆಯ ಮೇಲಿಟ್ಟಳು. ಕೂದಲು ಇಳಿಬಿದ್ದಿತು. ಇಷ್ಟು ಬೆಳ್ಳಗಾಗಿದ್ದು ನನಗೆ ತಿಳಿದಿರಲಿಲ್ಲ.

"ಮೊದಲು ಕೂದಲು" ಎಂದಳು. "ಇವತ್ತೇ ಕಲಿ."

ಬಕೆಟ್ಟಿನಲ್ಲಿ ಬಿಸಿನೀರು, ತಣ್ಣೀರು ಬೆರೆಸಿದೆ. ಸುಟ್ಟೀತೆಂದು ಮೊಣಕೈ ಅದ್ದಿ ನೋಡಿದೆ. ತಲೆ ಬಗ್ಗಿಸಿದಳು. ಸೌಟಿನಿಂದ ಹುಯ್ದೆ.

"ಕಿವಿಗೆ ಹೋಗ್ತದೆ. ಕೈ ಅಡ್ಡ ಇಡು. ಹ್ಞಾಂ, ಹಾಗೆ. ನಿಧಾನ... ಮರ ಅಲ್ಲ ಕ್ಲೆಮ್, ಅದು ನನ್ನ ತಲೆ."

ಸೋಪು ಹಚ್ಚಿದೆ. ಬಾತ ಬೆರಳುಗಳಿಗೆ ಕೂದಲು ಸಿಕ್ಕಿಕೊಂಡಿತು, ಬಿಡಿಸಿದೆ. ತೊಳೆದೆ. ಇನ್ನೊಂದು ಸಲ ಎಂದಳು. ಇನ್ನೊಂದು ಸಲ ತೊಳೆದೆ. ಅವಳ ಬೆನ್ನು ಮೆಲ್ಲಗೆ ಏರಿ ಇಳಿಯುತ್ತಿತ್ತು, ಕೆಮ್ಮಿಲ್ಲದೆ.

ಹೊರಗೆ ಲಿನ್ನಿಯಾ ಹಾರ್ನ್ ಹೊಡೆದಳು. ಹಿಮ ಜೋರಾಗುತ್ತಿತ್ತು, ಅವಳಿಗೆ ಲಾರಿಯ ಕೆಲಸಕ್ಕೆ ಹೊತ್ತಾಗಿತ್ತು.

ಹೆಲ್ಮಿ ತಲೆಯೆತ್ತಲಿಲ್ಲ. ಟವೆಲಿಗೆ ಕೈ ಚಾಚುತ್ತ ಹೇಳಿದಳು: "ಅವಳಿಗೆ ಹೋಗು ಅಂತ ಹೇಳು. ಒದ್ದೆ ತಲೇಲಿ ನಾನು ಎಲ್ಲಿಗೂ ಹೋಗಲ್ಲ."

ಹೇಳಿ ಬಂದೆ.